ದಾದಿಯ ಹೊಟ್ಟೆಯಲ್ಲಿದ್ದದ್ದು

ಹಳೇ ಪತ್ತೇದಾರಿ ಕಾದಂಬರಿಯನ್ನು ಗುಬ್ಬಿ ಓದುತ್ತಾಳೆ ಎಂದು ಮೇಡಂ ಹೇಳಿದಾಗ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಎಷ್ಟು ಜೋರಾಗಿ ಎಂದರೆ ಮೆಶಿನ್ ಮಾಮ ಟೀ ಲೋಟದಿಂದ ಮುಖವೆತ್ತಿ, "ಸಾಕಮ್ಮಾ, ಸೂಜಿ ಕೆಂಪು ಗೆರೆ ದಾಟ್ತು" ಎಂದರು. ರೆಕಾರ್ಡಿಂಗ್ ಯಂತ್ರ ನೋಡಿಕೊಳ್ಳುವ ಅವರಿಗೆ ಪ್ರಪಂಚದ ಸದ್ದೆಲ್ಲ ಸೂಜಿಯ ಲೆಕ್ಕದಲ್ಲೇ.

ಗುಬ್ಬಿ ನನ್ನ ಚಿಕ್ಕಮ್ಮನ ಮಗಳು. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಕೆಲಸ ಹುಡುಕಿಕೊಂಡು ನಮ್ಮ ಮನೆಗೆ ಬಂದವಳನ್ನು, ಕೈಹಿಡಿದು ಇಲ್ಲಿಗೆ ಕರೆತಂದು ಸೇರಿಸಿದವಳು ನಾನೇ. ಅದಾಗಿ ಏಳು ತಿಂಗಳು.

ನಮ್ಮದು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಗ್ರಂಥಾಲಯ. ಮೇಡಂ ಅದರ ಮುಖ್ಯಸ್ಥೆ. ಎರಡನೆಯ ಮಹಡಿಯ ಮೂಲೆಯಲ್ಲಿ ಓದುವ ಕೋಣೆ. ಸದ್ದು ಹೀರಿಕೊಳ್ಳಲಿ ಎಂದು ನಾಲ್ಕೂ ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದಾರೆ. ಒಳಗೆ ಒಂದು ಮೇಜು, ಒಂದು ಮೈಕು, ಕಿರುಗುಟ್ಟದ ಒಂದು ಕುರ್ಚಿ. ಗಾಜಿನಾಚೆ ಮೆಶಿನ್ ಮಾಮ. ಸರಬರ ಎನ್ನುವ ಬಟ್ಟೆ ಹಾಕುವಂತಿಲ್ಲ, ಕೈಗಡಿಯಾರ ಕಟ್ಟುವಂತಿಲ್ಲ. ಹೊಟ್ಟೆ ಗುರುಗುಟ್ಟಿದರೆ ಕೇಳಿಸದಿರಲಿ ಎಂದು ಮಡಿಲಲ್ಲಿ ಒಂದು ದಿಂಬು. ಬಾಯಿ ಒಣಗಿ ಚಪಚಪ ಎನ್ನದಿರಲಿ ಎಂದು ಓದುವ ಮುನ್ನ ಒಂದು ತುಂಡು ಹಸಿರು ಸೇಬು.

ಆ ಕುರ್ಚಿಯಲ್ಲಿ ಆರು ವರ್ಷ ಕೂತು ನಾನು ಹದಿನಾಲ್ಕು ಕಾದಂಬರಿ, ಎರಡು ಸಂಪುಟ ಕಾನೂನು, ಒಂದು ಜೇನುಸಾಕಣೆಯ ಕೈಪಿಡಿ ಓದಿದ್ದೆ. ಆದರೆ ಹಳೇ ಪತ್ತೇದಾರಿಯ ಮಾತೇ ಬೇರೆ. ಎಂಬತ್ತು ವರ್ಷದ ಹಿಂದಿನ ಪುಸ್ತಕ; ಮುಖಪುಟ ಹರಿದುಹೋಗಿ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹಿಂದೆ ಓದಿದ್ದ ಹಿರಿಯ ಓದುಗಾರ್ತಿಯ ಟೇಪು ಸವೆದು, ಈಗ ಗರಗರ ಸದ್ದಷ್ಟೇ ಉಳಿದಿತ್ತು. ಕೇಳುಗರಿಂದ ವಾರಕ್ಕೆರಡು ಕಾಗದ ಬರುತ್ತಿದ್ದವು: ಅದನ್ನು ಮತ್ತೆ ಯಾವಾಗ ಓದಿಸುತ್ತೀರಿ? ಓದಿದವಳ ದನಿ ಸಾವಿರ ಮನೆಗೆ ಹೋಗುತ್ತದೆ, ಮುಂದಿನ ಮೂವತ್ತು ವರ್ಷ ಅಲ್ಲೇ ಇರುತ್ತದೆ. ಅದು ನನ್ನ ದನಿಯಾಗಬೇಕು ಎಂದು ನಾನು ಮೊದಲ ವರ್ಷದಿಂದಲೂ ಕಾದಿದ್ದೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ, ಅದರ ಮೊದಲ ಸಾಲನ್ನು ಎಷ್ಟು ಬಗೆಯಲ್ಲಿ ಹೇಳಿಕೊಂಡಿದ್ದೆನೋ ಲೆಕ್ಕವಿಲ್ಲ.

"ನಿನ್ನ ದನಿ ಚೆನ್ನಾಗಿದೆ," ಎಂದರು ಮೇಡಂ, ಎಲ್ಲರೂ ಎದ್ದುಹೋದ ಮೇಲೆ. "ಆದ್ರೆ ಓದ್ತಾ ಓದ್ತಾ ನೀನು ಕನಸಿಗೆ ಜಾರ್ತೀಯ. ಎಲ್ಲಾನೂ ರಾಜಕುಮಾರಿ ಕತೆ ಆಗಿಬಿಡುತ್ತೆ. ಪತ್ತೇದಾರಿಗೆ ಎಚ್ಚರ ಇರೋ ದನಿ ಬೇಕು. ಬೇಜಾರು ಮಾಡ್ಕೋಬೇಡ. ಹೊಟ್ಟೆಪುಸ್ತಕ ಮಾತ್ರ ನೀನೇ ಬರೀಬೇಕು. ಅದು ಗುಬ್ಬಿ ಕೈಲಿ ಆಗಲ್ಲ."

"ಬೇಜಾರೇನು ಮೇಡಂ, ಅವಳು ಬೇರೆನಾ?" ಎಂದೆ. ಬಾಯಿ ಬೆಣ್ಣೆಯಂತೆ ಮಾತಾಡಿತು. ಒಳಗೆ ಹುಣಸೆಹಣ್ಣು ಹಿಂಡಿದ ಹಾಗಾಗುತ್ತಿತ್ತು.

ಹೊಟ್ಟೆಪುಸ್ತಕವೆಂದರೆ ನಮ್ಮಲ್ಲಿ ಪತ್ತೇದಾರಿ ಓದುವ ಮೊದಲು ತಯಾರಿಸುವ ಒಂದು ನೋಟುಬುಕ್ಕು. ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಪುಟ: ಇವನಿಗೆ ಬೇಕಾದ್ದೇನು, ಇವನು ಮುಚ್ಚಿಟ್ಟದ್ದೇನು, ಕೊಲ್ಲುವುದಾದರೆ ಯಾಕೆ ಕೊಂದಾನು. ಕೊಂದವನಿಗೆ ಮಾತ್ರವಲ್ಲ, ಬಾಗಿಲು ತೆರೆಯುವ ಆಳಿಗೂ ಒಂದು ಕಾರಣ ಕೊಡಲೇಬೇಕು. ಬರೆಯುವವರಿಗೂ ಓದುವವರಿಗೂ ಕೊಲೆಗಾರ ಯಾರೆಂದು ಗೊತ್ತಿರಕೂಡದು. ಅದಕ್ಕೇ ಕೊನೆಯ ಎರಡು ಅಧ್ಯಾಯಗಳ ಸುತ್ತ ಕಂದು ಕಾಗದದ ಪಟ್ಟಿ ಅಂಟಿಸಿ, ಅಂಟಿನ ಮೇಲೆ ಮೇಡಂ ಸಹಿ ಹಾಕಿರುತ್ತಾರೆ. ಓದುವ ದಿನವೇ ಅದನ್ನು ಕತ್ತರಿಸುವುದು.

ಇದೆಲ್ಲ ಕಿವಿಯಜ್ಜನ ದೆಸೆಯಿಂದ. ಹುಟ್ಟಿನಿಂದ ಕಣ್ಣಿಲ್ಲದ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. "ಹಲೋ" ಎಂದರೆ ಸಾಕು, ಹೇಳಿದವನ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ನಮ್ಮ ಪತ್ತೇದಾರಿಗಳ ಕೊನೆಯೆರಡು ಬಿಟ್ಟು ಉಳಿದ ಅಧ್ಯಾಯಗಳನ್ನು ಮೊದಲು ಅವರು ಕೇಳಬೇಕು. ಓದುವವರಿಗೆ ಗುಟ್ಟು ಗೊತ್ತಿದ್ದರೆ ಕೊಲೆಗಾರ ಬಂದಾಗ ದನಿ ಕೂದಲೆಳೆಯಷ್ಟು ಬದಲಾಗುತ್ತದೆ, ಅವರಿಗೆ ಅಷ್ಟೇ ಸಾಕು. "ಡಾಕ್ಟ್ರೇ ಕೊಂದಿದ್ದು. ಹುಡುಗಿಗೆ ಅವನ ಮೇಲೆ ಕನಿಕರ ಬಂದಿದೆ," ಎಂದುಬಿಡುತ್ತಾರೆ. ಅವರು ಸರಿಯಾಗಿ ಹೇಳಿದರೆ ಆ ರೆಕಾರ್ಡಿಂಗ್ ಕಸದ ಬುಟ್ಟಿಗೆ, ಪುಸ್ತಕ ಬೇರೆ ಓದುಗಾರರ ಕೈಗೆ. ನಾನಿರುವ ಆರು ವರ್ಷಗಳಲ್ಲಿ ಎರಡು ಸಲ ಹೀಗಾಗಿದೆ.

ಬೇರೆ ಓದುಗಾರರ ಕೈಗೆ! ಬಸ್ಸಿನಲ್ಲಿ ಗುಬ್ಬಿ ನನ್ನ ಹೆಗಲ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಾಗ ಈ ಮೂರು ಪದಗಳು ನನ್ನ ತಲೆಯಲ್ಲಿ ದುಂಬಿಯಂತೆ ಸುತ್ತುತ್ತಿದ್ದವು.

ಅಜ್ಜಿಯ ಕತೆ ಕೇಳಿ ಬೆಳೆದವರು ನಾವಿಬ್ಬರೂ. ರಜೆಯಲ್ಲಿ ಒಂದೇ ಹಾಸಿಗೆ, ಅಜ್ಜಿ ನಡುವೆ, ನಾವು ಅತ್ತಿತ್ತ. ಗುಬ್ಬಿ ಚಿಕ್ಕವಳು, ಹೆದರುತ್ತಾಳೆಂದು ಅಜ್ಜಿ ಅವಳ ಕಡೆಗೇ ಮಗ್ಗುಲಾಗುತ್ತಿದ್ದರು. ನಾನು ರಾಕ್ಷಸನನ್ನೂ ಅವನ ಜೀವವಿದ್ದ ಗಿಳಿಯನ್ನೂ ಏಳು ಸಮುದ್ರವನ್ನೂ ಅಜ್ಜಿಯ ಬೆನ್ನಿನಿಂದ ಕೇಳಿದವಳು. ಆ ಕತೆಗಳಲ್ಲಿ ಒಂದು ಸುಖವಿತ್ತು. ಕೆಟ್ಟವರು ಯಾರೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಮಲತಾಯಿ ಎಂದರೆ ಮುಗಿಯಿತು, ಅವಳಿಗೆ ಬೇರೆ ಕಾರಣ ಬೇಕಿರಲಿಲ್ಲ.

ಪತ್ತೇದಾರಿಯಲ್ಲಿ ಹಾಗಲ್ಲ. ಎರಡು ವಾರ ಊಟದ ಮೇಜಿನ ಮೇಲೆ ಕಾರಣಗಳದ್ದೇ ರಾಶಿ. ಕತೆ ದೊಡ್ಡ ಮನೆಯೊಂದರದ್ದು. ಶ್ರೀಮಂತ ಮುದುಕಿಯೊಬ್ಬಳು ಬೆಳಿಗ್ಗೆ ತನ್ನ ಕುರ್ಚಿಯಲ್ಲಿ ಸತ್ತು ಕೂತಿದ್ದಾಳೆ. ಔಷಧದ ಲೋಟದಲ್ಲಿ ವಿಷ. ಮನೆಗೆ ಬಂದುಹೋಗುವವರು ಅವಳ ಅಣ್ಣನ ಮಗ, ವಕೀಲ, ಡಾಕ್ಟರು. ಮನೆಯೊಳಗೇ ಇರುವವರು ಅಡುಗೆಯವಳು, ಹನ್ನೊಂದು ವರ್ಷದಿಂದ ಮುದುಕಿಯನ್ನು ನೋಡಿಕೊಳ್ಳುತ್ತಿರುವ ದಾದಿ, ಮತ್ತೆ ಕಾಗದಪತ್ರ ಓದಿ ಹೇಳಲೆಂದು ಹೊಸದಾಗಿ ಸೇರಿ ಮುದುಕಿಯ ಕಣ್ಮಣಿಯಾಗಿಬಿಟ್ಟ ಒಬ್ಬ ಹುಡುಗಿ.

"ಅಕ್ಕ, ಅಡುಗೆಯವಳು ಯಾಕೆ ಕೊಲ್ತಾಳೆ? ಪಾಪ, ಅವಳಿಗೇನು ಬಂದಿತ್ತು?"

"ಇಪ್ಪತ್ತು ವರ್ಷ ದಿನಾ ಉಪ್ಪು ಜಾಸ್ತಿ ಅಂತ ಅನ್ನಿಸ್ಕೊಂಡಿದ್ದಾಳೆ. ಸಾಲದಾ?"

"ಹಾಗಾದ್ರೆ ನಮ್ಮಮ್ಮ ನಮ್ಮಪ್ಪನ್ನ ಯಾವತ್ತೋ ಮುಗಿಸಿರಬೇಕಿತ್ತು."

"ನಿಮ್ಮಮ್ಮಂಗೆ ಪುರುಸೊತ್ತಿಲ್ಲ," ಎಂದರು ನಮ್ಮಮ್ಮ ಒಳಗಿನಿಂದ. "ಪುಸ್ತಕ ಎತ್ತಿ, ತಟ್ಟೆ ಹಾಕಿ. ಊಟ ಮಾಡೋ ಜಾಗದಲ್ಲಿ ವಿಷದ ಮಾತು ಬೇಡ."

ಗುಬ್ಬಿ ತಟ್ಟೆ ಹಾಕುತ್ತಲೇ ಕೇಳಿದಳು: "ದಾದಿಗೆ? ಅವಳಿಗೇನು ಕಾರಣ? ಒಳ್ಳೆಯವಳ ಥರ ಇದ್ದಾಳೆ. ಇಡೀ ಪುಸ್ತಕದಲ್ಲಿ ನಾಲ್ಕೇ ಮಾತು."

"ನೋಡೋಣ. ಆಮೇಲೆ ಬರೀತೀನಿ," ಎಂದೆ. ಯಾಕೋ ಆ ಪುಟವನ್ನು ಅವಳೆದುರು ಬರೆಯಲು ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ, ಗುಬ್ಬಿ ಇಬ್ಬರೂ ಮಾರುಕಟ್ಟೆಗೆ ಹೋದರು. ನಾನು ಟೀಗೆ ನೀರಿಟ್ಟೆ. ನೀರು ಕುದಿದು ಕೆಟಲಿನ ಮೂತಿಯಿಂದ ಆವಿ ನುಗ್ಗತೊಡಗಿದಾಗ, ನನ್ನ ಕೈಯಲ್ಲಿ ಪುಸ್ತಕವಿತ್ತು. ಹೇಗೆ ಬಂತು ಎಂದು ಕೇಳಬೇಡಿ. ಕನಸಿನಲ್ಲಿ ನಡೆದವಳಂತೆ ಎಂದು ಬರೆದುಬಿಡಬಹುದು, ಆದರೆ ನಾನು ಪೂರ್ತಿ ಎಚ್ಚರವಾಗಿದ್ದೆ. ಪಟ್ಟಿಯ ಅಂಚು ಮೃದುವಾಗಿ ಸುರುಳಿಯಾಯಿತು. ಬಾಗಿಲಿಗೆ ಚಿಲಕ ಹಾಕಿ, ನಿಂತುಕೊಂಡೇ ಮೂವತ್ತಾರು ಪುಟ ಓದಿದೆ.

ಕೊಂದವನು ವಕೀಲ. ಯಾಕೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಿನ್ನೂ ಸಾವಿರ ಮನೆಗೆ ಹೋಗಬೇಕಿರುವ ಪುಸ್ತಕ.

ಪಟ್ಟಿಯನ್ನು ಮತ್ತೆ ಅಂಟಿಸಿದೆ. ಆವಿಗೆ ಸಹಿಯ ಬಾಲ ಒಂದಿಷ್ಟು ಹರಡಿತ್ತು. ಉಫ್ ಎಂದು ಊದಿ ಆರಿಸಿ, ಕೂತು ವಕೀಲನ ಪುಟ ಬರೆದೆ. ಗುಟ್ಟನ್ನು ನೇರವಾಗಿ ಹೇಳಲಿಲ್ಲ, ನಾನೇನು ಪೆದ್ದಿಯೇ? ಅವನ ನಗುವಿನ ಕೆಳಗೆ ಏನಿದೆ, ಬಾಗಿಲು ದಾಟುವ ಮುನ್ನ ಯಾಕೆ ಅರೆಗಳಿಗೆ ನಿಲ್ಲುತ್ತಾನೆ ಎಂದಷ್ಟೇ. ಓದಿದ ಮೇಲೆ ಗುಬ್ಬಿ ಆ ಹೆಸರು ಬಂದಾಗಲೆಲ್ಲ ಉಸಿರು ಬಿಗಿಹಿಡಿಯಲೇಬೇಕು. ಹಿಡಿದರೆ ಕಿವಿಯಜ್ಜ ಕೇಳಿಸಿಕೊಳ್ಳಲೇಬೇಕು. ಹಾವು ಸಾಯುತ್ತದೆ, ಕೋಲು ನನ್ನದೆಂದು ಯಾರಿಗೂ ತಿಳಿಯುವುದಿಲ್ಲ.

ಆಮೇಲೆ, ಇನ್ನೂ ಉಳಿದಿತ್ತಲ್ಲ ಎಂದು ದಾದಿಯ ಪುಟ ಬರೆದೆ. ಅದಕ್ಕೆ ಯೋಚಿಸಲೇ ಇಲ್ಲ. ಉಳಿದವರಿಗೆ ಎಂಟೆಂಟು ಸಾಲು ಹೊಸೆಯಲು ತಿಣುಕಿದವಳಿಗೆ ದಾದಿ ನಾಲ್ಕು ಪುಟ ಸುರಿದುಕೊಟ್ಟಳು. ಅಮ್ಮ ಬಾಗಿಲು ಬಡಿದಾಗ ನನ್ನ ಬೆರಳು ಜೋಮು ಹಿಡಿದಿದ್ದವು.

*

ಗುಬ್ಬಿ ಮೊದಲ ಎಂಟು ಅಧ್ಯಾಯ ಮುಗಿಸಲು ಒಂಬತ್ತು ದಿನ ತೆಗೆದುಕೊಂಡಳು. ಗಾಜಿನಾಚೆ ಕೂತು ಅವಳ ತಪ್ಪು ಗುರುತು ಹಾಕಿಕೊಳ್ಳುವುದು ನನ್ನ ಕೆಲಸ. ಮೊದಲ ದಿನ ಹನ್ನೆರಡು ತಪ್ಪು ಸಿಕ್ಕವು, ಖುಷಿಯಾಯಿತು. ಎರಡನೆಯ ದಿನ ಐದು. ನಾಲ್ಕನೆಯ ದಿನ ನಾನು ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಇಷ್ಟುದ್ದದ ಹುಡುಗಿ, ಆ ಗಂಟಲಲ್ಲಿ ಏಳು ಜನ ಬಾಡಿಗೆಗಿದ್ದಂತೆ ಮಾತಾಡುತ್ತಿದ್ದಳು. ಮೆಶಿನ್ ಮಾಮ, "ಇವಳಿಗೆ ನಾನು ಸೂಜಿ ನೋಡೋದೇ ಮರ್ತುಬಿಡ್ತೀನಿ," ಎಂದರು. ಆರು ವರ್ಷದಲ್ಲಿ ನನ್ನ ಸೂಜಿಯನ್ನು ಅವರು ಒಂದು ಸಲವೂ ಮರೆತಿರಲಿಲ್ಲ.

ವಕೀಲ ಬರುವ ಸಾಲುಗಳಿಗೆ ನಾನು ಕಿವಿಯನ್ನು ಗಾಜಿಗೇ ಒತ್ತುವಂತೆ ಕೂರುತ್ತಿದ್ದೆ. ಉಸಿರು ಬಿಗಿಯಾಯಿತೇ? ಆದಂತೆಯೂ ಇತ್ತು, ಆಗದಂತೆಯೂ ಇತ್ತು.

ಕೇಳುವ ದಿನ ಕಿವಿಯಜ್ಜ ಕೋಲನ್ನು ಮೂಲೆಗೆ ಒರಗಿಸಿ, ಕುರ್ಚಿಯನ್ನು ಸ್ಪೀಕರಿನ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. ಅವರ ಪದ್ಧತಿ ಹಾಗೆ. ಈ ಪುಸ್ತಕದ ಹಳೆಯ ಟೇಪು ಅವರ ಕೈಗೆ ಸಿಕ್ಕೇ ಇರಲಿಲ್ಲ. ಬೆಳಿಗ್ಗೆ ನಾಲ್ಕು ಅಧ್ಯಾಯ, ಊಟ, ಮತ್ತೆ ನಾಲ್ಕು. ಮೇಡಂ, ಮೆಶಿನ್ ಮಾಮ, ಗುಬ್ಬಿ, ನಾನು. ಗುಬ್ಬಿ ಉಗುರು ಕಚ್ಚುತ್ತಿದ್ದಳು. ನಾನು ಅವಳ ಕೈಯನ್ನು ಬಾಯಿಂದ ತೆಗೆದು ನನ್ನ ಕೈಯಲ್ಲಿ ಹಿಡಿದುಕೊಂಡೆ. ನೋಡಿದವರಿಗೆ ಎಂಥ ಅಕ್ಕ ಎನಿಸಿರಬೇಕು.

ಯಂತ್ರ ನಿಂತ ಮೇಲೆ ಕಿವಿಯಜ್ಜ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು.

"ಚೆನ್ನಾಗಿದೆ ಮಗಾ," ಎಂದರು. "ಎಲ್ಲರ ಮೇಲೂ ಗುಮಾನಿ ಬಂತು. ಆದ್ರೆ ಕೊಂದಿದ್ದು ದಾದಿ."

ಮೇಡಂ ಮುಖ ಅರಳಿತು. ಅಲ್ಲಿದ್ದವರಲ್ಲಿ ಕೊನೆ ಗೊತ್ತಿದ್ದವರು ಅವರೊಬ್ಬರೇ. ಹಾಗೆಂದು ಅವರು ತಿಳಿದಿದ್ದರು. "ದಾದಿನಾ? ಯಾಕೆ ಹಾಗನ್ನಿಸ್ತು?"

"ಆ ಹೊಸ ಹುಡುಗಿಗೆ 'ಬಾಮ್ಮಾ, ಒಳಗೆ ಬಾ, ನೆನೀಬೇಡ' ಅಂತಾಳಲ್ಲ. ಜೇನು ಹಾಕಿದ ಮಾತು. ಆದ್ರೆ ಕೆಳಗೆ ಹಲ್ಲು ಕಚ್ಚಿಕೊಂಡಿದ್ದಾಳೆ. ಇಂಥ ದನಿ ಎಕ್ಸ್‌ಚೇಂಜಲ್ಲಿ ದಿನಾ ಕೇಳ್ತಿದ್ದೆ. ಮದುವೆ ಗೊತ್ತಾದವರಿಗೆ ಗೊತ್ತಾಗದವರು ಫೋನ್ ಮಾಡಿ ಶುಭಾಶಯ ಹೇಳ್ತಾರಲ್ಲ, ಆ ದನಿ."

ಮೆಶಿನ್ ಮಾಮ ಹೋ ಎಂದು ನಕ್ಕರು. ಮೇಡಂ ಕೂಡ ನಕ್ಕರು. ಅವರು ನಕ್ಕರೆಂದರೆ ಅಜ್ಜ ಹೇಳಿದ್ದು ತಪ್ಪು, ಗುಬ್ಬಿ ಗೆದ್ದಳು ಎಂದೇ ಅರ್ಥ. ನನಗೆ ತಡೆಯಲಾಗಲಿಲ್ಲ.

"ಮತ್ತೆ ವಕೀಲರು, ಅಜ್ಜ? ಅವರ ಬಗ್ಗೆ ಏನೂ ಅನ್ನಿಸಲೇ ಇಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲೂ ಇಲ್ಲ. ಮೇಡಂ ನಗು ಅರ್ಧಕ್ಕೆ ನಿಂತು ಅವರ ಕಣ್ಣು ನನ್ನ ಮೇಲೆ ಒಂದು ಕ್ಷಣ ಕೂತೆದ್ದಿತು.

"ವಕೀಲ ಯಾರೋ ಬಸ್ ಕಂಡಕ್ಟರ್ ಥರ ಇದ್ದ," ಎಂದರು ಅಜ್ಜ. "ಅವನನ್ನ ಬಿಡು."

"ದಾದಿಗೆ ಇಷ್ಟು ಜೀವ ಹೇಗೆ ಕೊಟ್ಟೆ?" ಮೇಡಂ ಗುಬ್ಬಿಯನ್ನು ಕೇಳಿದರು.

"ನಾನೆಲ್ಲಿ ಕೊಟ್ಟೆ ಮೇಡಂ, ಅಕ್ಕ ಬರೆದಿದ್ದನ್ನ ಓದಿದೆ ಅಷ್ಟೇ."

"ಎಲ್ಲಿ, ಕೊಡು ನೋಡೋಣ." ಮೇಡಂ ಹೊಟ್ಟೆಪುಸ್ತಕ ತೆಗೆದುಕೊಂಡು, ಕನ್ನಡಕ ಏರಿಸಿ, ನನ್ನನ್ನು ಹೊಗಳಬೇಕೆಂದೇ ಗಟ್ಟಿಯಾಗಿ ಓದತೊಡಗಿದರು.

"'ದಾದಿಗೆ ಬೇಕಾದ್ದು ಒಂದೇ: ತನ್ನನ್ನು ಮೊದಲು ಕರೆಯಬೇಕು. ಹನ್ನೊಂದು ವರ್ಷ ಮುದುಕಿ ಕೆಮ್ಮಿದರೆ ಎದ್ದವಳು ಇವಳು. ಈಗ ಮುದುಕಿ ಕಣ್ಣು ಬಿಟ್ಟೊಡನೆ ಆ ಹುಡುಗಿ ಎಲ್ಲಿ ಎಂದು ಕೇಳುತ್ತಾಳೆ. ಹುಡುಗಿ ಕೆಟ್ಟವಳಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಅವಳು ಕೆಟ್ಟವಳಲ್ಲ. ದಾದಿಯ ಮಳೆಕೋಟನ್ನು ಮಡಿಸಿ, ಒಗೆದು, ಗುಂಡಿ ಹೊಲಿದು ವಾಪಸು ಕೊಡುತ್ತಾಳೆ. ಅದೇ ನುಂಗಲಾರದ ತುತ್ತು.'"

"ಆಹಾ," ಎಂದರು ಮೆಶಿನ್ ಮಾಮ.

ಕಳೆದ ಮಳೆಗಾಲದಲ್ಲಿ ಗುಬ್ಬಿ ನನ್ನ ಮಳೆಕೋಟಿಗೆ ಎರಡು ಗುಂಡಿ ಹೊಲಿದುಕೊಟ್ಟಿದ್ದಳು. ನಾನು ನೆಲ ನೋಡಿದೆ.

ಮೇಡಂ ಪುಟ ತಿರುಗಿಸಿದರು. "'ಬಂದ ಹೊಸದರಲ್ಲಿ ಹುಡುಗಿಗೆ ಏನೂ ಬರುತ್ತಿರಲಿಲ್ಲ. ಉಸಿರನ್ನು ಎಲ್ಲಿ ಕದಿಯಬೇಕು ಎಂದು ಹೇಳಿಕೊಟ್ಟವಳು ಇವಳು. ಓದುವ ಮೊದಲು ಒಂದು ತುಂಡು ಹಸಿರು ಸೇಬು ಕಚ್ಚಿದರೆ ಬಾಯಿ ಚಪಚಪ—'"

ಅಲ್ಲಿಗೆ ಅವರು ನಿಂತರು.

ಎಂಬತ್ತು ವರ್ಷದ ಹಿಂದಿನ ದಾದಿಗೆ ಮೈಕಿನ ಮುಂದೆ ಕೂರುವವರ ಉಪಾಯ ಹೇಗೆ ಗೊತ್ತು? ಮೇಡಂಗೆ ಅರ್ಥವಾಯಿತು, ಮೆಶಿನ್ ಮಾಮನಿಗೂ ಆಯಿತು. ಅವರು ಆಗಲೇ ಖಾಲಿಯಾಗಿದ್ದ ಟೀ ಲೋಟವನ್ನು ಬಾಯಿಗಿಟ್ಟುಕೊಂಡರು. ನನ್ನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಕಾದ ಹೆಂಚಾಗಿದ್ದವು.

"ಸೇಬಿನ ವಿಷಯ ಕಾದಂಬರೀಲಿದೆಯಾ?" ಎಂದು ಕೇಳಿದರು ಕಿವಿಯಜ್ಜ.

"ಇದೆ ಅಜ್ಜ," ಎಂದಳು ಗುಬ್ಬಿ ಥಟ್ಟನೆ. "ಐದನೇ ಅಧ್ಯಾಯದಲ್ಲಿ."

"ನಂಗೆ ಕೇಳಿಸಲಿಲ್ಲ."

"ಹಣ್ಣು ಅಂತ ಇದೆ. ಊಟ ಆದ್ಮೇಲೆ ನಿಮಗೆ ಜೊಂಪು ಹತ್ತಿತ್ತಲ್ಲ, ಆಗ ಹೋಗಿರುತ್ತೆ."

"ಜೊಂಪು! ನಂಗೆ!" ಅಜ್ಜ ಕೆರಳಿದರು. ಆ ಗಲಾಟೆಯಲ್ಲಿ ಪುಸ್ತಕ ಮುಚ್ಚಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಗುಬ್ಬಿ ಹೆಗಲ ಮೇಲೆ ತಲೆಯಿಡಲಿಲ್ಲ. ನಾಲ್ಕು ನಿಲ್ದಾಣ ದಾಟಿದ ಮೇಲೆ, "ವಕೀಲನ ಪುಟದಲ್ಲಿ ಒಂದೂ ಕಾಟು ಇರಲಿಲ್ಲ, ಅಕ್ಕ," ಎಂದಳು.

"ಅಂದ್ರೆ?"

"ಬೇರೆ ಎಲ್ಲರ ಪುಟದಲ್ಲೂ ಬರೆದು ಹೊಡೆದು, ಬರೆದು ಹೊಡೆದು ಮಾಡಿದ್ದೀಯ. ಡಾಕ್ಟರಿಗಂತೂ ಆರು ಕಾಟು. ಊಹೆ ಮಾಡೋರು ಹಾಗೇ ಬರೆಯೋದು. ವಕೀಲನ್ನ ಮಾತ್ರ ನೋಡ್ಕೊಂಡು ಕಾಪಿ ಮಾಡಿದ ಹಾಗೆ ಬರೆದಿದ್ದೀಯ." ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಅವನೇ ಅಂತ ಗೊತ್ತಾಗೋಯ್ತು. ಅದಕ್ಕೇ ಅವನ ಮಾತು ಬಂದಾಗೆಲ್ಲ ನಮ್ಮ ಹತ್ತೊಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರನ್ನ ನೆನೆಸ್ಕೊಂಡು ಓದಿದೆ."

ಸಿಕ್ಕಿಬಿದ್ದ ನಾಚಿಕೆಗಿಂತ ಮೊದಲು ನನ್ನಲ್ಲಿ ಎದ್ದದ್ದು ಇನ್ನೊಂದು. ಆ ಕಾಟುಗಳನ್ನು ನೋಡುವ ಕಣ್ಣು, ಕಂಡಕ್ಟರನನ್ನು ನೆನೆಸಿಕೊಳ್ಳುವ ಬುದ್ಧಿ ನನಗೇಕೆ ಇಲ್ಲ?

"ಮೇಡಂಗೆ ಹೇಳ್ತೀಯಾ?"

"ಹುಚ್ಚಾ ನಿಂಗೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ದಾದಿ ಪುಟ ಓದಿದ ದಿನ ಅತ್ತಿದ್ದೆ, ಗೊತ್ತಾ? ಮಳೆಕೋಟು ನೋಡಿ," ಎಂದಳು. ಅಷ್ಟೇ. ಇಳಿಯುವ ನಿಲ್ದಾಣ ಬಂದಿತ್ತು.

*

ಕೊನೆಯ ಅಧ್ಯಾಯಗಳ ದಿನ ಬಂದಾಗ ಕಿವಿಯಜ್ಜನೂ ಬಂದರು, ಓದಿ ಮುಗಿದ ಕೂಡಲೇ ಕೊಲೆಗಾರ ಯಾರೆಂದು ಮೊದಲು ತಾನೇ ಕೇಳಬೇಕೆಂದು. ಮೇಡಂ ಕತ್ತರಿ ಹಿಡಿದುಕೊಂಡು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದರು. ಸಾಮಾನ್ಯವಾಗಿ ಒಯ್ಯುವವರಲ್ಲ. ಪಟ್ಟಿಯನ್ನು ಅತ್ತ ವಾಲಿಸಿದರು, ಇತ್ತ ವಾಲಿಸಿದರು. ಉಗುರಿನಿಂದ ಅಂಚನ್ನು ಕೆರೆದರು.

"ನನ್ನ ಸಹಿಗೆ ಇಂಥ ದಪ್ಪ ಬಾಲ ಇಲ್ಲ," ಎಂದರು. "ಇದನ್ನ ತೆಗೆದು ಅಂಟಿಸಿದ್ದಾರೆ. ಯಾರು?"

ಪುಸ್ತಕ ಇದ್ದದ್ದು ನಮ್ಮ ಮನೆಯಲ್ಲಿ. ಅದನ್ನು ಮುಟ್ಟುತ್ತಿದ್ದವರು ಇಬ್ಬರೇ. ಮೇಡಂ ನನ್ನತ್ತ ತಿರುಗುತ್ತಿದ್ದಂತೆ ಗುಬ್ಬಿಯ ದನಿ ಬಂತು:

"ನಾನು ಮೇಡಂ. ತಡ್ಕೊಳ್ಳೋಕಾಗ್ಲಿಲ್ಲ."

"ನೀನಾ?"

"ಹೂಂ."

ಮೇಡಂ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಅವರಿಗೆ ಬೇಸರವಾಗಿದ್ದು ಕತ್ತರಿ ಇಟ್ಟ ರೀತಿಯಲ್ಲೇ ತಿಳಿಯಿತು. "ನಿಯಮ ಗೊತ್ತಲ್ಲ? ತೆಗೆದವರು ಓದೋ ಹಾಗಿಲ್ಲ. ಅರ್ಧ ಒಂದು ದನಿ, ಅರ್ಧ ಒಂದು ದನಿನೂ ಆಗಲ್ಲ." ಆಮೇಲೆ ನನ್ನ ಕಡೆ ನೋಡದೆಯೇ, "ಮೊದಲಿಂದ ಮತ್ತೆ ಶುರು ಮಾಡಬೇಕು. ಅಕ್ಕನೇ ಓದಲಿ," ಎಂದರು.

ಆರು ವರ್ಷ ಕಾದ ಮಾತು. ಗಾಜಿನಾಚೆ ಕುರ್ಚಿ, ಅದರ ಮೇಲೆ ದಿಂಬು, ಎಲ್ಲ ಸಿದ್ಧವಾಗಿದ್ದವು. ನನಗೆ ಮೊದಲ ಸಾಲು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನಾನು ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿದ್ದೆ ಕೂಡ. ಗೋಡೆ ಗಡಿಯಾರವಿಲ್ಲದ ಆ ಕೋಣೆಯಲ್ಲಿ ಎಷ್ಟು ಹೊತ್ತೋ ತಿಳಿಯದು. ಸುಮ್ಮನಿದ್ದು ಗುಬ್ಬಿಯ ಮುಖ ನೋಡುತ್ತ, ಅವಳ ಹೊಟ್ಟೆಯಲ್ಲೇನಿದೆ ಎಂದು ಹುಡುಕಿದೆ. ಆರು ಪಾತ್ರಗಳಿಗೆ ಕಾರಣ ಕೊಟ್ಟವಳು ನಾನು, ಇವಳಿಗೆ ಒಂದು ಸಿಗಲಾರದೇ? ನನ್ನನ್ನು ಋಣದಲ್ಲಿ ಕೆಡವಬೇಕೆಂದೇ? ಮುಂದೊಂದು ದಿನ ಎತ್ತಿ ಆಡಬೇಕೆಂದೇ? ಮೇಡಂ ಎದುರು ಒಳ್ಳೆಯವಳೆನಿಸಿಕೊಳ್ಳಬೇಕೆಂದೇ? ಹಾಗಿದ್ದರೆ ಕಳ್ಳಿ ಎಂದೇಕೆ ಹೇಳಿಕೊಳ್ಳುತ್ತಿದ್ದಳು? ಬರೆದು ಹೊಡೆದೆ, ಬರೆದು ಹೊಡೆದೆ. ಅವಳು ಚಪ್ಪಲಿಯ ತುದಿಯನ್ನು ನೋಡುತ್ತ ನಿಂತಿದ್ದಳು. ಪೆದ್ದು ಮುಖ. ಅದರಲ್ಲಿ ನನ್ನ ಮೇಲಿನ ಅಕ್ಕರೆ ಬಿಟ್ಟು ಬೇರೇನೂ ಓದಲು ಸಿಗಲಿಲ್ಲ.

ಆಗ ನನ್ನ ಹೊಟ್ಟೆ ನಿಜಕ್ಕೂ ಉರಿಯಿತು. ಪುಸ್ತಕ ಕೊಟ್ಟ ದಿನವೂ ಇಷ್ಟು ಉರಿದಿರಲಿಲ್ಲ. ನನ್ನ ದನಿ ಸಾವಿರ ಮನೆಗೆ ಹೋಗುತ್ತದೆ, ಸರಿ. ಪ್ರತಿ ಮನೆಯಲ್ಲೂ ಅದು ಗುಬ್ಬಿ ಬಿಟ್ಟುಕೊಟ್ಟ ದನಿಯಾಗಿರುತ್ತದೆ. ಮೂವತ್ತು ವರ್ಷ. ದನಿಯೂ ಅವಳದೇ ಚೆಂದ, ಬುದ್ಧಿಯೂ ಅವಳದೇ ಚುರುಕು, ಈಗ ಒಳ್ಳೆಯತನವೂ ಅವಳಿಗೇ ಹೋಗಬೇಕೇ? ನನಗೆ ಒಂದೂ ಬೇಡವೇ?

"ಅವಳಲ್ಲ," ಎಂದೆ. "ತೆಗೆದಿದ್ದು ನಾನು."

"ಸುಮ್ನಿರೇ ಅಕ್ಕ," ಎಂದಳು ಗುಬ್ಬಿ, ಸಿಟ್ಟಿನಿಂದ.

"ನೀನು ಸುಮ್ನಿರು. ದೊಡ್ಡ ದಾನಶೂರೆ ಬಂದ್ಲು."

"ಮೇಡಂ, ಇವಳು ನನ್ನ ಉಳಿಸೋಕೆ ಹೇಳ್ತಿದ್ದಾಳೆ."

"ಉಳಿಸೋಕಂತೆ! ಇವಳಿಗೆ ಪಟ್ಟಿ ಕೀಳೋಕೂ ಬರಲ್ಲ ಮೇಡಂ, ಬಿಸ್ಕತ್ ಪ್ಯಾಕೆಟ್ ತೆಗೆಯೋಕೆ ಹಲ್ಲು ಹಾಕ್ತಾಳೆ."

"ಇಬ್ಬರು ಕೊಲೆಗಾರರಾ!" ಕಿವಿಯಜ್ಜ ಸಂತೋಷದಿಂದ ಕೋಲು ಕುಟ್ಟಿದರು. "ಇದು ಪುಸ್ತಕಕ್ಕಿಂತ ಚೆನ್ನಾಗಿದೆ."

ಮೇಡಂ ಒಂದು ಕೈಯೆತ್ತಿದರು. "ಯಾರು ಕೊಂದಿದ್ದು ಅನ್ನೋದನ್ನ ಯಾರು ಬೇಕಾದ್ರೂ ಊಹೆ ಮಾಡಬಹುದು. ಯಾಕೆ ಅನ್ನೋದು ಓದಿದವರಿಗೆ ಮಾತ್ರ ಗೊತ್ತು. ಒಬ್ಬೊಬ್ಬರೇ ಬನ್ನಿ, ನನ್ನ ಕಿವೀಲಿ ಹೇಳಿ. ಅಜ್ಜ, ನೀವು ಕಿವಿ ಮುಚ್ಕೊಳ್ಳಿ."

ಮೊದಲು ಗುಬ್ಬಿ ಹೋದಳು. ಏನೋ ಪಿಸುಗುಟ್ಟಿದಳು, ತಡವರಿಸಿದಳು, ಮತ್ತೇನೋ ಸೇರಿಸಿದಳು. ಮೇಡಂ ಅಲ್ಲ ಎಂಬಂತೆ ತಲೆಯಾಡಿಸಿಬಿಟ್ಟರು. ಆಮೇಲೆ ನಾನು ಹೋದೆ. ವಕೀಲನ ಕಾರಣವನ್ನು ಹೇಳಿದೆ, ಮೂರೇ ಮಾತಿನಲ್ಲಿ, ಒಂದೂ ಕಾಟಿಲ್ಲದೆ. ಮೇಡಂ ಕಣ್ಣು ಮುಚ್ಚಿಕೊಂಡರು.

"ಒಂದು ವರ್ಷ ನಿಂಗೆ ಕಾದಂಬರಿ ಇಲ್ಲ," ಎಂದರು. "ರೈಲಿನ ವೇಳಾಪಟ್ಟಿ ಬಂದಿದೆ, ಅದನ್ನ ಓದು. ಅಲ್ಲಿ ಕನಸು ಕಾಣೋಕೆ ಜಾಗ ಇಲ್ಲ." ಕತ್ತರಿಯನ್ನು ಗುಬ್ಬಿಗೆ ಚಾಚಿದರು. "ಹೋಗು. ಒಳಗೆ ಹೋಗಿ ನೀನೇ ಕತ್ತರಿಸು."

ಗುಬ್ಬಿ ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಅವಳ ಕಣ್ಣು ತುಂಬಿತ್ತು. ಸಿಟ್ಟಿಗೋ, ಅಳುವಿಗೋ, ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಮೇಡಂ ತಮ್ಮ ಕೋಣೆಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಕಿವಿಯಜ್ಜ ಕೋಲಿನಿಂದ ನನ್ನ ಪಾದ ಹುಡುಕಿ, ಪಕ್ಕದಲ್ಲಿ ಕೂತರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಅದು ಹತ್ತಿದ ಮೇಲೆ ಒಳಗಿನ ಒಂದು ಸದ್ದೂ ಹೊರಗೆ ಬರುವುದಿಲ್ಲ.

"ಅವಳೇ ಒಪ್ಕೊಂಡಿದ್ಲಲ್ಲ," ಎಂದರು ಅಜ್ಜ. "ನೀನು ಬಾಯಿ ಮುಚ್ಕೊಂಡಿರಬಹುದಿತ್ತು."

"ಇರಬಹುದಿತ್ತು."

"ತಂಗಿ ಮೇಲೆ ಅಷ್ಟು ಪ್ರೀತಿ?"

ಸುಳ್ಳು ಹೇಳಿದರೆ ಆ ಕಿವಿಗೆ ತಿಳಿಯದೇ ಇರುತ್ತಿರಲಿಲ್ಲ. "ಪ್ರೀತಿ ಗೀತಿ ಏನಿಲ್ಲ ಅಜ್ಜ. ನಾನು ಸುಮ್ನಿದ್ದಿದ್ರೆ ಅವಳು ದೇವತೆ ಆಗಿಬಿಡ್ತಿದ್ಲು."

ಅಜ್ಜ ಭುಜ ಕುಣಿಸುತ್ತ ಬಹಳ ಹೊತ್ತು ನಕ್ಕರು. "ಈಗ? ಹೊಟ್ಟೆ ತಣ್ಣಗಾಯ್ತಾ?"

ಬಾಗಿಲಿನ ಸಣ್ಣ ಗಾಜಿನಿಂದ ನೋಡಿದೆ. ದನಿಯಿಲ್ಲದೆ ಗುಬ್ಬಿಯ ತುಟಿ ಆಡುವುದು ಕಾಣುತ್ತಿತ್ತು. ಅವಳು ವಕೀಲನ ಮಾತಿಗೆ ಬಂದಿರಬೇಕು. ಒಂದು ಭುಜ ತಗ್ಗಿಸಿ, ಯಾವ ಕಂಡಕ್ಟರನೂ ಇಲ್ಲದ ಮುಖದಿಂದ, ಮೆಲ್ಲಗೆ ಹೇಳುತ್ತಿದ್ದಳು. ಈಚೆ ಮೆಶಿನ್ ಮಾಮನ ಟೀ ಲೋಟ ಅರ್ಧ ದಾರಿಯಲ್ಲಿ ನಿಂತಿತ್ತು. ಸೂಜಿಯ ಕಡೆ ಅವರ ಗಮನವಿರಲಿಲ್ಲ.

"ಇಲ್ಲ ಅಜ್ಜ," ಎಂದೆ. "ತುಂಬಾ ಚೆನ್ನಾಗಿ ಓದ್ತಿದ್ದಾಳೆ."